ಉಸಿರಿನೊಳಗಿನ ನ್ಯಾನೋ ಕಣ, ಡಿಶ್‌ನೊಳಗಿನ ಜೀವಕೋಶ: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ವಾಸಕೋಶದ ಜೀವಕೋಶಗಳನ್ನು ಡಿಶ್‌ನಲ್ಲಿ, ಅಂದರೆ ಲ್ಯಾಬ್‌ನ ಪುಟ್ಟ ತಟ್ಟೆಯಲ್ಲಿ, ಬೆಳೆಸಿ, ಅವುಗಳ ಮೇಲೆ ನ್ಯಾನೋ ಪುಡಿ ಹಾಕಿ ಏನಾಗುತ್ತದೆ ಅಂತ ನೋಡುವ ಕೆಲಸವನ್ನು ಕೆಲವು ವರ್ಷ ಮಾಡಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದು, ವಿದ್ಯಾರ್ಥಿಗಳು ಪತ್ರ ಬರೆದು ಕೇಳಿದ್ದು, ಪೇಂಟ್ ಫ್ಯಾಕ್ಟರಿಯಲ್ಲಿರುವ ನಮ್ಮ ಭಾವ ಫೋನ್ ಮಾಡಿ ಕೇಳಿದ್ದು, ಎಲ್ಲ ಇಲ್ಲಿ ಸೇರಿವೆ. ಪ್ರಶ್ನೆಗಳನ್ನು ಅವರ ಬಾಯಲ್ಲಿ ಬಂದ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ.

## ಮೊದಲ ಮಾತು

ನ್ಯಾನೋ ಅಂದ್ರೆ ಎಷ್ಟು ಚಿಕ್ಕದು? ಮಾಮೂಲಿ ಧೂಳಿಗೂ ಇದಕ್ಕೂ ಏನು ವ್ಯತ್ಯಾಸ?

ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಉದ್ದ, ಅಗಲ, ದಪ್ಪ ಇವುಗಳಲ್ಲಿ ಒಂದಾದರೂ 1ರಿಂದ 100 ನ್ಯಾನೋಮೀಟರ್ ಒಳಗಿದ್ದರೆ ಅದನ್ನು ಸಾಮಾನ್ಯವಾಗಿ ನ್ಯಾನೋವಸ್ತು ಎನ್ನುತ್ತಾರೆ.

ವ್ಯತ್ಯಾಸ ಇರುವುದು ಮೈಯಲ್ಲಿ. ಕಲ್ಲುಸಕ್ಕರೆಯನ್ನು ಕುಟ್ಟಿ ಪುಡಿ ಮಾಡಿದರೆ ಬೇಗ ಕರಗುತ್ತದೆ ಅಲ್ವಾ? ತೂಕ ಅಷ್ಟೇ, ಆದರೆ ನೀರಿಗೆ ತಾಗುವ ಮೈ ಜಾಸ್ತಿಯಾಗಿದೆ. ಲ್ಯಾಬ್‌ಗಳಲ್ಲಿ ಪಿ25 ಎನ್ನುವ ಟೈಟಾನಿಯಂ ಡೈಆಕ್ಸೈಡ್ ಪುಡಿ ತುಂಬಾ ಬಳಕೆಯಲ್ಲಿದೆ. ಅದರ ಒಂದೇ ಗ್ರಾಂ ಪುಡಿಯ ಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 50 ಚದರ ಮೀಟರ್. ಬೆಂಗಳೂರಿನ ಒಂದು ಒನ್ ಬಿಎಚ್‌ಕೆ ಮನೆಯ ನೆಲದಷ್ಟು. ಶ್ವಾಸಕೋಶದೊಳಗೆ ರಾಸಾಯನಿಕ ಜಗಳ ನಡೆಯುವುದು ಈ ಮೈಯ ಮೇಲೆ.

ಉಸಿರಿನ ಜೊತೆ ಹೋದದ್ದು ಎಲ್ಲಿ ಹೋಗಿ ಕೂರುತ್ತೆ?

ಗಾತ್ರದ ಮೇಲೆ ಹೋಗುತ್ತದೆ. 10 ಮೈಕ್ರೋಮೀಟರ್‌ಗಿಂತ (ಒಂದು ಮೈಕ್ರೋಮೀಟರ್ ಅಂದರೆ ಸಾವಿರ ನ್ಯಾನೋಮೀಟರ್) ದಪ್ಪದ ಧೂಳು ಹೆಚ್ಚಾಗಿ ಮೂಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕದು ಶ್ವಾಸನಾಳಕ್ಕೆ ಇಳಿಯುತ್ತದೆ. ಅಲ್ಲಿ ಲೋಳೆಯ ಪದರವೂ ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳೂ ಇವೆ. ಹಾಗೆ ಮೇಲೆ ಬಂದದ್ದನ್ನು ನಾವು ಕೆಮ್ಮುತ್ತೇವೆ ಅಥವಾ ನುಂಗುತ್ತೇವೆ.

ವಿಚಿತ್ರ ಇರುವುದು ಇನ್ನೂ ಕೆಳಗೆ. 300 ನ್ಯಾನೋಮೀಟರ್ ಆಸುಪಾಸಿನ ಕಣಗಳಲ್ಲಿ ಬಹಳಷ್ಟು ಒಳಗೆ ಹೋಗಿ ಹಾಗೇ ಹೊರಗೆ ಬರುತ್ತವೆ. 20 ನ್ಯಾನೋಮೀಟರ್ ಕಣಗಳಲ್ಲಿ ಸುಮಾರು ಅರ್ಧದಷ್ಟು ತುದಿಯ ಗಾಳಿಚೀಲಗಳಲ್ಲಿ ಕೂತುಬಿಡುತ್ತವೆ. ಇನ್ನೂ ಚಿಕ್ಕವು, ಒಂದೆರಡು ನ್ಯಾನೋಮೀಟರಿನವು, ಮತ್ತೆ ಮೂಗಿನಲ್ಲೇ ನಿಲ್ಲುತ್ತವೆ. ಚಿಕ್ಕದಾದಷ್ಟೂ ಆಳಕ್ಕೆ ಹೋಗುತ್ತದೆ ಎನ್ನುವ ಮಾತು ಪೂರ್ತಿ ನಿಜವಲ್ಲ.

ಗಾಳಿಚೀಲಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 100 ಚದರ ಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ ಒಂದು 30–40 ಸೈಟು ಅಂತಿಟ್ಟುಕೊಳ್ಳಿ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ತೆಳುವಾದ ಕಡೆ ಒಂದು ಮೈಕ್ರೋಮೀಟರ್ ಕೂಡ ಇಲ್ಲ. ಅಲ್ಲಿ ಗುಡಿಸುವ ರೋಮಗಳೂ ಇಲ್ಲ. ಮ್ಯಾಕ್ರೋಫೇಜ್ ಎನ್ನುವ ಕಸ ನುಂಗುವ ಕೋಶಗಳೇ ಗತಿ. ಈ ಸೈಟಿನ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಅಷ್ಟು ಚಿಕ್ಕದಾದ್ರೆ ಮಾಸ್ಕ್ ದಾಟಿ ಹೋಗಲ್ವಾ?

ಮಾಸ್ಕನ್ನು ಜರಡಿ ಅಂದುಕೊಂಡರೆ ಹಾಗನ್ನಿಸುತ್ತದೆ. ಎನ್95 ಜರಡಿಯಲ್ಲ. ತೀರ ಚಿಕ್ಕ ಕಣಗಳು ಗಾಳಿಯ ಅಣುಗಳ ಏಟು ತಿಂದು ಅಡ್ಡಾದಿಡ್ಡಿ ಓಡಾಡುತ್ತ ಎಳೆಗಳಿಗೆ ಬಡಿದು ಅಂಟಿಕೊಳ್ಳುತ್ತವೆ. ಎಳೆಗಳ ಮೇಲಿನ ವಿದ್ಯುತ್ ಆವೇಶವೂ ಸೆಳೆಯುತ್ತದೆ. ಸೋರುವುದು ಹೆಚ್ಚಾಗಿ ಕೆನ್ನೆಯ ಪಕ್ಕದ ಸಂದಿಯಲ್ಲಿ. ಗಡ್ಡ ಬಿಟ್ಟವರಿಗೆ ಇದು ಇನ್ನೂ ಜಾಸ್ತಿ.

ನಾನು ಹಚ್ಚೋ ಸನ್‌ಸ್ಕ್ರೀನ್‌ನಲ್ಲಿ ನ್ಯಾನೋ ಇದೆಯಂತೆ. ಹೆದರಬೇಕಾ?

ಕ್ರೀಮ್ ಆದರೆ ಶ್ವಾಸಕೋಶದ ಮಟ್ಟಿಗೆ ಹೆದರಬೇಕಾಗಿಲ್ಲ. ಅದು ಗಾಳಿಗೆ ಏಳುವುದಿಲ್ಲ. ಯೂರೋಪಿನ ಸೌಂದರ್ಯವರ್ಧಕ ನಿಯಮಗಳು ನ್ಯಾನೋ ಟೈಟಾನಿಯಂ ಡೈಆಕ್ಸೈಡನ್ನು ಸನ್‌ಸ್ಕ್ರೀನ್‌ಗೆ ಒಪ್ಪಿವೆ. ಆದರೆ ಉಸಿರಿನೊಳಗೆ ಹೋಗಬಹುದಾದ ರೂಪದಲ್ಲಿ, ಅಂದರೆ ಸ್ಪ್ರೇ ಥರದ್ದರಲ್ಲಿ, ಬೇಡ ಎಂದಿವೆ. ಪುಡಿ ಒಂದೇ, ಡಬ್ಬಿ ಬೇರೆ, ಉತ್ತರವೂ ಬೇರೆ.

ಊದುಬತ್ತಿ ಹೊಗೆ, ವೆಲ್ಡಿಂಗ್ ಹೊಗೆ ಕೂಡ ನ್ಯಾನೋನೇ ಅಲ್ವಾ?

ಹೌದು, ಅದರಲ್ಲಿ ನ್ಯಾನೋ ಗಾತ್ರದ ಕಣಗಳು ರಾಶಿ ರಾಶಿ. ಯಾರೂ ಬೇಕೆಂದು ತಯಾರಿಸಿದ್ದಲ್ಲ, ಉರಿದಾಗ ತಾನಾಗಿ ಹುಟ್ಟಿದ್ದು. ಅದಕ್ಕೇ ಅವನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ: ಅಲ್ಟ್ರಾಫೈನ್ ಕಣ. ಶ್ವಾಸಕೋಶ ಹುಟ್ಟಿನ ಕಥೆ ಕೇಳುವುದಿಲ್ಲ.

ಜಿಐ ಶೀಟು ಬೆಸೆಯುವ ವೆಲ್ಡರ್‌ಗಳನ್ನು ಕೇಳಿ ನೋಡಿ. ಹಗಲು ಕೆಲಸ, ಸಂಜೆ ಚಳಿ ಜ್ವರ, ಮರುದಿನ ಸರಿ. ಸತುವಿನ ಲೇಪ ಉರಿದು ಬರುವ ಜಿಂಕ್ ಆಕ್ಸೈಡ್ ಹೊಗೆಯಿಂದ ಬರುವ ಜ್ವರ ಇದು. ಅದೇ ಜಿಂಕ್ ಆಕ್ಸೈಡ್ ನ್ಯಾನೋ ಪುಡಿ ಡಿಶ್‌ನಲ್ಲಿಯೂ ಕೋಶಗಳನ್ನು ಬೇಗ ಕೊಲ್ಲುತ್ತದೆ. ಕೋಶ ಕಣವನ್ನು ನುಂಗಿದ ಮೇಲೆ, ಒಳಗಿನ ಆಮ್ಲದ ಚೀಲದಲ್ಲಿ ಅದು ಕರಗಿ ಸತುವಿನ ಅಯಾನು ಬಿಡುತ್ತದೆ. ಡಿಶ್‌ಗೂ ಮನುಷ್ಯನಿಗೂ ತಾಳೆ ಬೀಳುವ ಒಳ್ಳೆಯ ಉದಾಹರಣೆ. ಎಲ್ಲ ಪುಡಿಗೂ ಇಷ್ಟು ಅದೃಷ್ಟವಿಲ್ಲ.

ಧೂಳಿನ ಕೆಲಸದವರು ಬೆಲ್ಲ ತಿಂದ್ರೆ ಒಳ್ಳೇದು ಅಂತಾರೆ. ನಿಜಾನಾ?

ಇದನ್ನು ಅಜ್ಜಿ ಕಥೆ ಎಂದು ತಳ್ಳಿಹಾಕುವ ಹಾಗಿಲ್ಲ. ಲಖನೌದ ವಿಷಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 1994ರಲ್ಲಿ ಇಲಿಗಳ ಮೇಲೆ ಇದನ್ನು ನೋಡಿ ಪ್ರಕಟಿಸಿದ್ದರು. ಕಲ್ಲಿದ್ದಲು, ಸಿಲಿಕಾ ಧೂಳು ಹೋದ ಇಲಿಗಳಿಗೆ ಬೆಲ್ಲ ಕೊಟ್ಟಾಗ ಕಣಗಳು ಶ್ವಾಸಕೋಶದಿಂದ ಹೆಚ್ಚು ಜಾಗ ಖಾಲಿ ಮಾಡಿದ್ದವು. ಆದರೆ ಅದು ಇಲಿ, ಅದು ನ್ಯಾನೋ ಅಲ್ಲದ ಧೂಳು. ಅದನ್ನು ನಂಬಿ ಮಾಸ್ಕ್ ಬಿಚ್ಚಿಡಬೇಡಿ. ಬೆಲ್ಲ ಬೇಕಾದರೆ ತಿನ್ನಿ.

## ಲ್ಯಾಬ್‌ನೊಳಗೆ

ಡಿಶ್‌ನಲ್ಲಿರೋ ಕೋಶ ಯಾರದ್ದು? ನಿಜವಾದ ಮನುಷ್ಯರದ್ದಾ?

ಮನುಷ್ಯರದ್ದೇ. ಹೆಚ್ಚಿನ ಲ್ಯಾಬ್‌ಗಳಲ್ಲಿರುವ ಎ549 ಕೋಶಗಳು 58 ವರ್ಷದ ಒಬ್ಬ ವ್ಯಕ್ತಿಯ ಶ್ವಾಸಕೋಶದ ಗಡ್ಡೆಯಿಂದ 1972ರಲ್ಲಿ ಬೆಳೆಸಿದವು. ಆ ಮನುಷ್ಯನ ಕೋಶಗಳು ಇವತ್ತಿಗೂ ಪ್ರಪಂಚದ ತುಂಬಾ ಇನ್‌ಕ್ಯುಬೇಟರ್‌ಗಳಲ್ಲಿ ಬೆಳೆಯುತ್ತಿವೆ. ಟಿಎಚ್‌ಪಿ-1 ಎನ್ನುವವು ರಕ್ತದ ಕ್ಯಾನ್ಸರ್ ಇದ್ದ ಒಂದು ವರ್ಷದ ಮಗುವಿನದು. ಅವಕ್ಕೆ ಒಂದು ರಾಸಾಯನಿಕ ಹಾಕಿದರೆ ಮ್ಯಾಕ್ರೋಫೇಜ್ ಥರ ಆಗಿ ತಳಕ್ಕೆ ಅಂಟಿಕೊಳ್ಳುತ್ತವೆ. ಬೀಸ್-2ಬಿ ಎನ್ನುವವು ಆರೋಗ್ಯವಂತ ಶ್ವಾಸನಾಳದಿಂದ ತೆಗೆದು, ವೈರಸ್ ಸಹಾಯದಿಂದ ಸಾಯದ ಹಾಗೆ ಮಾಡಿದವು. ನಮ್ಮ ದೇಶದಲ್ಲಿ ಇಂಥವನ್ನು ಹೆಚ್ಚಾಗಿ ತರಿಸುವುದು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ.

ಕ್ಯಾನ್ಸರ್ ಕೋಶ ಗಟ್ಟಿಪಿಂಡ, ಬೆಳೆಸೋದು ಸುಲಭ. ಆದರೆ ಎ549 ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ. ಸಂದಿ ಬಿಡುತ್ತವೆ. ಕಣ ಗೋಡೆ ದಾಟುತ್ತದಾ ಎಂದು ನೋಡಬೇಕಿದ್ದರೆ ಅವು ಪ್ರಯೋಜನಕ್ಕಿಲ್ಲ. ಆಗ ಕಲು-3 ಕೋಶ, ಇಲ್ಲವೇ ದಾನಿಗಳ ಶ್ವಾಸನಾಳದಿಂದ ನೇರವಾಗಿ ಬೆಳೆಸಿದ ಅಂಗಾಂಶ ಬೇಕು. ಜಿನೀವಾದಲ್ಲಿ ತಯಾರಾಗುವ ಮ್ಯೂಸಿಲ್‌ಏರ್ ಅಂಥದ್ದು. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ರೋಮಗಳು ಬೀಸುತ್ತಿರುವುದು ಕಾಣುತ್ತದೆ. ಗಾಳಿಗೆ ಬಾಗುವ ರಾಗಿ ಪೈರಿನ ಹಾಗೆ ಒಂದೇ ದಿಕ್ಕಿಗೆ ಅಲೆ ಓಡುತ್ತದೆ. ಮೊದಲ ಸಲ ನೋಡಿದ ದಿನ ನಾನು ಊಟಕ್ಕೆ ಹೋಗುವುದನ್ನೇ ಮರೆತಿದ್ದೆ.

ನೀರಲ್ಲಿ ಕಲಸಿ ಸುರಿದ್ರೆ ಅದು ಉಸಿರಾಟ ಹೇಗಾಯ್ತು?

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಬಹಳ ವರ್ಷ ಎಲ್ಲರೂ ಮಾಡಿದ್ದು ಅದನ್ನೇ. ಕೋಶಗಳಿಗೆ ಊಟವಾಗುವ ಮೀಡಿಯಂ ಎನ್ನುವ ಗುಲಾಬಿ ಬಣ್ಣದ ದ್ರವದಲ್ಲಿ ಪುಡಿ ಕಲಸಿ ಕೋಶಗಳ ಮೇಲೆ ಸುರಿಯುವುದು. ಶ್ವಾಸಕೋಶದ ಕೋಶಕ್ಕೆ ಅದು ಉಸಿರಾಟವಲ್ಲ, ಮುಳುಗಡೆ.

ಈಗಿನ ಒಳ್ಳೆಯ ವಿಧಾನ ಗಾಳಿ-ದ್ರವದ ಗಡಿಯಲ್ಲಿ ಬೆಳೆಸುವುದು. ಪುಟ್ಟ ಪ್ಲಾಸ್ಟಿಕ್ ಬಟ್ಟಲು. ಅದರ ತಳವೇ ಒಂದು ತೆಳು ಪೊರೆ, ಅದರಲ್ಲಿ ಕಣ್ಣಿಗೆ ಕಾಣದ ತೂತುಗಳು. ಈ ಬಟ್ಟಲು ಪ್ಲಾಸ್ಟಿಕ್ ಪ್ಲೇಟಿನ ದೊಡ್ಡ ಗುಳಿಯೊಳಗೆ ತೂಗಾಡುತ್ತದೆ. ಲ್ಯಾಬ್ ಮಾತಿನಲ್ಲಿ ಆ ಗುಳಿಗೆ ಬಾವಿ ಎನ್ನುತ್ತೇವೆ. ಪೊರೆಯ ಮೇಲೆ ಕೋಶ, ಕೆಳಗೆ ಮೀಡಿಯಂ. ಕೋಶಗಳು ಪೂರ್ತಿ ಹರಡಿದ ದಿನ ಪಿಪೆಟ್ ತುದಿಯನ್ನು ಬಟ್ಟಲಿನ ಗೋಡೆಗೆ ಒರಗಿಸಿ ಮೇಲಿನ ಮೀಡಿಯಂ ಎಳೆದುಬಿಡಬೇಕು. ಕೈ ಸ್ವಲ್ಪ ಜಾರಿ ತುದಿ ಪೊರೆಗೆ ತಾಗಿದರೆ ಮೂರು ವಾರದ ಕೆಲಸ ಕೆರೆದುಹೋಗುತ್ತದೆ. ಆಮೇಲೆ ಕೋಶಕ್ಕೆ ಮೇಲಿಂದ ಗಾಳಿ, ಕೆಳಗಿಂದ ಊಟ. ನಿಜವಾದ ಶ್ವಾಸಕೋಶದಲ್ಲೂ ಹಾಗೇ ತಾನೆ?

ಪರೀಕ್ಷೆಯ ದಿನ ಬಟ್ಟಲುಗಳನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಇಡುತ್ತಾರೆ. ಕಣ ಬೆರೆಸಿದ ನೀರನ್ನು ನೆಬ್ಯುಲೈಸರ್ ಮಂಜು ಮಾಡಿ ಬಿಡುತ್ತದೆ. ಮಕ್ಕಳಿಗೆ ಆಸ್ಪತ್ರೆಯಲ್ಲಿ ಹಿಡಿಯುವ ಯಂತ್ರದ ಅಣ್ಣ ಅನ್ನಿ. ಪಾರದರ್ಶಕ ಪೆಟ್ಟಿಗೆಯಲ್ಲಿ ಬಿಳಿ ಮೋಡ ಸುರುಳಿ ಸುತ್ತಿ, ಕೆಲವೇ ನಿಮಿಷಗಳಲ್ಲಿ ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಮಡಿಕೇರಿಯ ಬೆಳಗನ್ನು ಡಬ್ಬಿಯಲ್ಲಿ ಹಿಡಿದಿಟ್ಟ ಹಾಗೆ. ಬಟ್ಟಲಿನ ಪಕ್ಕದಲ್ಲೇ ಒಂದು ಸ್ಫಟಿಕದ ತಕ್ಕಡಿ ಇರುತ್ತದೆ. ಅದರ ಮೇಲೆ ನ್ಯಾನೋಗ್ರಾಂ ಲೆಕ್ಕದಲ್ಲಿ ಬಿದ್ದ ತೂಕವೂ ಗೊತ್ತಾಗುತ್ತದೆ. ನನ್ನ ಕೇಳಿದರೆ ಈ ಇಡೀ ಯಂತ್ರದಲ್ಲಿ ಬೆಲೆ ಬಾಳುವುದು ಆ ತಕ್ಕಡಿಯೇ.

ಕೋಶ ಸತ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಹಳೆಯ, ಅಗ್ಗದ ಉಪಾಯ ಎಂಟಿಟಿ ಪರೀಕ್ಷೆ. 1983ರಿಂದ ಬಳಕೆಯಲ್ಲಿದೆ. ಹಳದಿ ಬಣ್ಣದ ದ್ರವ ಹಾಕುತ್ತೀರಿ. ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ಹರಳು ಕರಗಿಸಿ, ನೇರಳೆ ಎಷ್ಟು ಗಾಢ ಅಂತ ಯಂತ್ರ ಓದುತ್ತದೆ. ಇನ್ನೊಂದು ಎಲ್‌ಡಿಎಚ್: ಕೋಶದ ಗೋಡೆ ಒಡೆದರೆ ಒಳಗಿನ ಈ ಕಿಣ್ವ ಹೊರಗೆ ಸೋರುತ್ತದೆ, ಸೋರಿದ್ದನ್ನು ಅಳೆಯುತ್ತಾರೆ.

ಕಷ್ಟ ಏನೆಂದರೆ ಇವೆಲ್ಲ ಬಣ್ಣ ನೋಡಿ ಹೇಳುವ ಪರೀಕ್ಷೆಗಳು. ಕರಿ ಪುಡಿ ಬಾವಿಯಲ್ಲೇ ಉಳಿದರೆ ಬೆಳಕನ್ನು ತಾನೇ ತಡೆಯುತ್ತದೆ. ಯಂತ್ರ ಅದನ್ನೂ ಬಣ್ಣ ಅಂದುಕೊಳ್ಳುತ್ತದೆ. 2006ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ವಿಜ್ಞಾನಿಗಳು ಇನ್ನೂ ಮಜವಾದದ್ದು ತೋರಿಸಿದರು. ಎಂಟಿಟಿಯ ನೇರಳೆ ಹರಳುಗಳು ಕಾರ್ಬನ್ ನ್ಯಾನೋಟ್ಯೂಬ್‌ಗೆ ಅಂಟಿಕೊಂಡು ಕರಗುವುದೇ ಇಲ್ಲ. ಕೋಶ ಚೆನ್ನಾಗಿದ್ದರೂ ಸತ್ತ ಲೆಕ್ಕ ಬರುತ್ತದೆ. ಅದೇ ಕೋಶಗಳಿಗೆ, ನೀರಲ್ಲಿ ಕರಗುವ ಬಣ್ಣದ ಬೇರೆ ಪರೀಕ್ಷೆ ಹಾಕಿದರೆ ಎಲ್ಲ ಸರಿ! ಎಲ್‌ಡಿಎಚ್ ಕೂಡ ಸಾಧು ಅಲ್ಲ. ಕೆಲವು ಕಣಗಳು ಆ ಕಿಣ್ವವನ್ನೇ ಹಿಡಿದಿಟ್ಟುಕೊಳ್ಳುತ್ತವೆ.

ಅದಕ್ಕೇ ಎರಡು ಬೇರೆ ಬೇರೆ ತತ್ವದ ಪರೀಕ್ಷೆ ಬೇಕು. ಕೋಶವೇ ಇಲ್ಲದ ಬಾವಿಯಲ್ಲಿ ಬರೀ ಕಣ ಹಾಕಿದ ಒಂದು ಸಾಲೂ ಬೇಕು. ಆ ಸಾಲು ಇಲ್ಲದ ಸಂಶೋಧನಾ ಪೇಪರ್ ಕಂಡರೆ ನಾನು ಮುಂದಕ್ಕೆ ಓದುವುದಿಲ್ಲ.

ಕೋಶ ಸಾಯ್ಲಿಲ್ಲ ಅಂದ್ರೆ ಸೇಫ್ ಅಂತ ತಾನೆ?

ಅಲ್ಲ. ಸಾವು ಕೊನೆಯ ಸುದ್ದಿ. ಅದಕ್ಕೆ ಮೊದಲು ಕೋಶ ಕೂಗಿ ಹೇಳುತ್ತಿರುತ್ತದೆ. ಉರಿಯೂತಕ್ಕೆ ಕರೆಯುವ ಐಎಲ್-8 ಎನ್ನುವ ಪ್ರೋಟೀನು ಮೀಡಿಯಂಗೆ ಬಿಡುತ್ತದೆ. ಮ್ಯಾಕ್ರೋಫೇಜ್ ಆದರೆ ಐಎಲ್-1 ಬೀಟಾ. ಒಳಗೆ ಆಕ್ಸಿಜನ್‌ನ ಉಪದ್ರವಿ ರೂಪಗಳು ಏರುತ್ತವೆ. ಡಿಎನ್‌ಎ ಮುರಿದಿದೆಯಾ ನೋಡಲು ಕಾಮೆಟ್ ಪರೀಕ್ಷೆ ಇದೆ. ಕೋಶವನ್ನು ಜೆಲ್‌ನಲ್ಲಿಟ್ಟು ವಿದ್ಯುತ್ ಹರಿಸಿದರೆ ಮುರಿದ ಡಿಎನ್‌ಎ ಬಾಲದಂತೆ ಹೊರಗೆ ಎಳೆದುಕೊಂಡು ಹೋಗುತ್ತದೆ, ಹೆಸರಿಗೆ ತಕ್ಕ ಹಾಗೆ ಧೂಮಕೇತು. ಬ್ಯಾಕ್ಟೀರಿಯಾ ಬಳಸುವ ಹಳೆಯ ಏಮ್ಸ್ ಪರೀಕ್ಷೆ ಮಾತ್ರ ಇಲ್ಲಿ ನಡೆಯುವುದಿಲ್ಲ. ಅವುಗಳ ಗಟ್ಟಿ ಗೋಡೆ ದಾಟಿ ಕಣ ಒಳಗೆ ಹೋಗುವುದೇ ಅನುಮಾನ.

## ತಲೆ ಕೆಡಿಸುವಂಥವು

ಪೇಪರ್‌ನಲ್ಲಿ "100 ಮೈಕ್ರೋಗ್ರಾಂ ಹಾಕಿದಾಗ ವಿಷ" ಅಂತಿದೆ. ಅದು ನಿಜ ಜೀವನದಲ್ಲಿ ಎಷ್ಟು?

ಇದನ್ನು ಕೇಳಿದವರು ನಮ್ಮ ಭಾವ. ಇಷ್ಟೆಲ್ಲ ಪ್ರಶ್ನೆಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ.

ಕೆಲಸಗಾರ ಒಂದು ಪಾಳಿಯ 8 ಗಂಟೆಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಗಾಳಿಯಲ್ಲಿ ಘನ ಮೀಟರಿಗೆ 1 ಮಿಲಿಗ್ರಾಂ ನ್ಯಾನೋ ಪುಡಿ ಇದೆ ಎನ್ನೋಣ. ಇದೇನೂ ಕಡಿಮೆಯಲ್ಲ. ಟೈಟಾನಿಯಂ ಡೈಆಕ್ಸೈಡಿನ ಅತಿಸೂಕ್ಷ್ಮ ಪುಡಿಗೆ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ 2011ರಲ್ಲಿ ಸೂಚಿಸಿದ ಮಿತಿ 0.3 ಮಿಲಿಗ್ರಾಂ. ಅದರ ಮೂರು ಪಟ್ಟಿಗೂ ಜಾಸ್ತಿ ಇಟ್ಟುಕೊಂಡಿದ್ದೇವೆ.

ದಿನಕ್ಕೆ ಒಳಗೆ ಹೋದದ್ದು 10 ಮಿಲಿಗ್ರಾಂ. ಅದರಲ್ಲಿ ಶೇ. 30 ಗಾಳಿಚೀಲದಲ್ಲಿ ಕೂತಿತು ಎಂದರೆ 3 ಮಿಲಿಗ್ರಾಂ. ಅಂದರೆ 3,000 ಮೈಕ್ರೋಗ್ರಾಂ. ಆಗಲೇ ಹೇಳಿದ 30–40 ಸೈಟು ನೆನಪಿದೆಯಲ್ಲ? 100 ಚದರ ಮೀಟರ್ ಅಂದರೆ 10 ಲಕ್ಷ ಚದರ ಸೆಂಟಿಮೀಟರ್. ಭಾಗಿಸಿದರೆ ಒಂದು ಚದರ ಸೆಂಟಿಮೀಟರಿಗೆ ದಿನಕ್ಕೆ 0.003 ಮೈಕ್ರೋಗ್ರಾಂ.

ಈಗ ಲ್ಯಾಬ್‌ಗೆ ಬನ್ನಿ. 96 ಬಾವಿಗಳ ಪ್ಲೇಟಿನಲ್ಲಿ ಒಂದು ಬಾವಿಯ ತಳ ಸುಮಾರು 0.32 ಚದರ ಸೆಂಟಿಮೀಟರ್. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಇರುವ ದ್ರವ 0.1 ಮಿಲಿಲೀಟರ್ ಹಾಕಿದರೆ ಬಾವಿಯೊಳಗೆ ಹೋದದ್ದು 10 ಮೈಕ್ರೋಗ್ರಾಂ. ಪೂರ್ತಿ ಕೆಳಗೆ ಕೂತರೆ ಚದರ ಸೆಂಟಿಮೀಟರಿಗೆ 31 ಮೈಕ್ರೋಗ್ರಾಂ. ವರ್ಷಕ್ಕೆ 250 ದಿನ ಕೆಲಸ ಅಂತ ಹಿಡಿದರೆ ಅದು 41 ವರ್ಷದ ಪಾಳಿ. ಒಂದು ಚೂರನ್ನೂ ದೇಹ ಹೊರಗೆ ಹಾಕಲಿಲ್ಲ ಎನ್ನುವ ಲೆಕ್ಕದಲ್ಲಿ. ಅಷ್ಟನ್ನೂ ಕೋಶ ಒಂದೇ ದಿನದಲ್ಲಿ ತಿನ್ನಬೇಕು.

ಭಾವ ಇದನ್ನು ಕೇಳಿ, "ಹಾಗಾದ್ರೆ ಪೇಪರ್‌ಗಳೆಲ್ಲ ಸುಳ್ಳಾ?" ಅಂದರು. ಸುಳ್ಳಲ್ಲ. ಶ್ವಾಸಕೋಶದಲ್ಲಿ ಕಣ ಸಮವಾಗಿ ಹರಡುವುದಿಲ್ಲ. ನಾಳ ಕವಲೊಡೆಯುವ ಕಡೆ ರಾಶಿ ಬೀಳುತ್ತದೆ, ಅಲ್ಲಿ ನಮ್ಮ ಸರಾಸರಿ ನಡೆಯುವುದಿಲ್ಲ. ಡಿಶ್‌ನಲ್ಲೂ ಹಾಕಿದ್ದೆಲ್ಲ ಕೆಳಗೆ ಕೂರುವುದಿಲ್ಲ. ಭಾರದ, ಗುಡ್ಡೆಗಟ್ಟಿದ ಕಣ ಗಂಟೆಗಳಲ್ಲಿ ಇಳಿದರೆ, ಹಗುರವಾದದ್ದು ಇಡೀ ದಿನ ತೇಲುತ್ತದೆ. 2011ರಲ್ಲಿ ಅಮೆರಿಕದ ಒಂದು ತಂಡ ಕೋಶಗಳನ್ನು ತಲೆಕೆಳಗು ನೇತುಹಾಕಿ ಚಿನ್ನದ ಕಣ ಹಾಕಿ ನೋಡಿತು. ಭಾರವಾದ ಕಣಗಳನ್ನು ನೆಟ್ಟಗಿದ್ದ ಕೋಶಗಳು ಜಾಸ್ತಿ ನುಂಗಿದವು, ನೇತಾಡುತ್ತಿದ್ದವು ಕಡಿಮೆ. ಕೋಶ ಅದೇ, ಕಣವೂ ಅದೇ, ಬಾಟಲಿಯ ಮೇಲಿನ ಅಂಕಿಯೂ ಅದೇ. ತಲುಪಿದ್ದು ಬೇರೆ.

ಹಾಗಾಗಿ ಯಾರಾದರೂ "ಇಷ್ಟು ಹಾಕಿದೆವು" ಅಂದರೆ, "ಕೋಶದ ಮೇಲೆ ಎಷ್ಟು ಬಿತ್ತು?" ಅಂತ ಕೇಳಿ. 2010ರಿಂದ ಇದನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳೂ ಇವೆ, ಮೇಲೆ ಹೇಳಿದ ತಕ್ಕಡಿಯೂ ಇದೆ. ನೆಪ ಹೇಳುವ ಹಾಗಿಲ್ಲ.

ಒಂದೇ ಪುಡಿ, ಒಂದು ಪೇಪರ್ ವಿಷ ಅನ್ನುತ್ತೆ, ಇನ್ನೊಂದು ಅಲ್ಲ ಅನ್ನುತ್ತೆ. ಯಾರನ್ನ ನಂಬೋದು?

ಮೊದಲು, ಪುಡಿ ನಿಜವಾಗಿ ಒಂದೇನಾ? ಟೈಟಾನಿಯಂ ಡೈಆಕ್ಸೈಡ್ ಅಂತ ಬರೆದ ಎರಡು ಬಾಟಲಿಗಳಲ್ಲಿ ಹರಳಿನ ರೂಪ, ಲೇಪ, ಗಾತ್ರ ಬೇರೆ ಇರಬಹುದು. ಈ ರಗಳೆ ತಪ್ಪಿಸಲು ಯೂರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರ ಇಟಲಿಯ ಇಸ್ಪ್ರಾದಲ್ಲಿ ಮಾದರಿ ಪುಡಿಗಳ ಭಂಡಾರ ಮಾಡಿದೆ. ಎನ್ಎಂ-105 ಎಂದರೆ ಪಿ25, ಎನ್ಎಂ-300ಕೆ ಎಂದರೆ ಬೆಳ್ಳಿ, ಹೀಗೆ. ಎಲ್ಲರೂ ಒಂದೇ ಚೀಲದ ಅಕ್ಕಿ ಬೇಯಿಸಿದರೆ ಅಡುಗೆ ಹೋಲಿಸಬಹುದು.

ಎರಡನೆಯದು ಕಲಸುವ ಕ್ರಮ. ನೀರಿಗೆ ಬಿದ್ದ ಕೂಡಲೇ ಕಣಗಳು ಗಂಟು ಕಟ್ಟುತ್ತವೆ, ರಾಗಿ ಹಿಟ್ಟಿನ ಹಾಗೆ. ಬಿಡಿಸಲು ಸೋನಿಕೇಟರ್ ಹಾಕಿ ಕಿವಿ ಚುಚ್ಚುವ ಸದ್ದಿನಲ್ಲಿ ಅಲುಗಿಸಬೇಕು. ಎಷ್ಟು ಹೊತ್ತು, ಯಾವ ಪ್ರೋಟೀನಿನ ಜೊತೆ ಎನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಮೀಡಿಯಂನಲ್ಲಿ ಸೀರಂ (ರಕ್ತದಿಂದ ತೆಗೆದ ದ್ರವ) ಇದ್ದರೆ ಅದರ ಪ್ರೋಟೀನುಗಳು ಕಣಕ್ಕೆ ಅಂಗಿ ತೊಡಿಸುತ್ತವೆ. ಕೋಶಕ್ಕೆ ಕಾಣುವುದು ಆ ಅಂಗಿ.

ಮೂರನೆಯದರಲ್ಲಿ ನಾನೇ ಬಿದ್ದಿದ್ದೇನೆ. ನಾನಿದ್ದ ಒಂದು ಲ್ಯಾಬ್‌ನಲ್ಲಿ ಸಿಲಿಕಾ ಪುಡಿ ಹಾಕಿದಾಗಲೆಲ್ಲ ಐಎಲ್-8 ಆಕಾಶಕ್ಕೆ ಏರುತ್ತಿತ್ತು. ಮೂರು ತಿಂಗಳು ಖುಷಿಯಾಗಿದ್ದೆ, ಪೇಪರ್‌ಗೆ ಹೆಸರೂ ಯೋಚಿಸಿದ್ದೆ. ಒಂದು ದಿನ ಪುಡಿಯೇ ಇಲ್ಲದ, ಬರೀ ಕಲಸುವ ನೀರು ಹಾಕಿದ ಬಾವಿಯಲ್ಲೂ ಅದೇ ಏರಿಕೆ. ನೀರಿನ ಬಾಟಲಿಯಲ್ಲಿ ಎಂಡೋಟಾಕ್ಸಿನ್ ಇತ್ತು. ಅದು ಬ್ಯಾಕ್ಟೀರಿಯಾ ಗೋಡೆಯ ಚೂರು. ಆಟೋಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿದರೆ, ಬ್ಯಾಕ್ಟೀರಿಯಾ ಸಾಯುತ್ತದೆ, ಈ ಚೂರು ಹೋಗುವುದಿಲ್ಲ. ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಸುಡಬೇಕು. ನಾನು ಸುಡುತ್ತಿರಲಿಲ್ಲ. ಅಷ್ಟೂ ಡೇಟಾ ಕಸದ ಬುಟ್ಟಿಗೆ.

ಕಾರ್ಬನ್ ನ್ಯಾನೋಟ್ಯೂಬ್ ಅಂದ್ರೆ ಇನ್ನೊಂದು ಆಸ್ಬೆಸ್ಟಾಸ್ ಅಂತಾರಲ್ಲ?

ಕೆಲವು ಹೌದು, ಎಲ್ಲವೂ ಅಲ್ಲ. ಆಸ್ಬೆಸ್ಟಾಸ್‌ನ ಕೇಡು ಅದರ ಆಕಾರದಲ್ಲಿದೆ: ತೆಳು, ಉದ್ದ, ಕರಗದ ನಾರು. ಮ್ಯಾಕ್ರೋಫೇಜ್ ಅದನ್ನು ನುಂಗಲು ಹೋಗುತ್ತದೆ, ಬಾಯಿಗೆ ಹಿಡಿಯುವುದಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ. ಆ ಒದ್ದಾಟದಲ್ಲಿ ತನ್ನೊಳಗಿನ ಉರಿಯನ್ನೆಲ್ಲ ಹೊರಗೆ ಚೆಲ್ಲುತ್ತದೆ. 2008ರಲ್ಲಿ ಎಡಿನ್‌ಬರೋದ ತಂಡ ಸುಂಡಿಲಿಗಳ ಹೊಟ್ಟೆಯ ಪೊರೆಯಲ್ಲಿ ತೋರಿಸಿದ್ದು ಇದನ್ನೇ: ಉದ್ದದ ನ್ಯಾನೋಟ್ಯೂಬ್ ಆಸ್ಬೆಸ್ಟಾಸ್ ಥರ ಉರಿಯೂತ ತಂದಿತು, ಗಿಡ್ಡದ್ದು, ಸುರುಳಿ ಸುತ್ತಿಕೊಂಡದ್ದು ತರಲಿಲ್ಲ.

2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಭೆ ಸೇರಿ ಮಿತ್ಸುಯಿ-7 ಎನ್ನುವ ಗಟ್ಟಿ, ನೆಟ್ಟಗಿನ ಬಗೆಯೊಂದನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇದೆ" ಎನ್ನುವ 2ಬಿ ಗುಂಪಿಗೆ ಹಾಕಿತು. ಉಳಿದವುಗಳ ಬಗ್ಗೆ ಹೇಳಲು ಆಧಾರ ಸಾಲದು ಎಂದಿತು. ಕೆಲಸದ ಜಾಗಕ್ಕೆ ನಿಯೋಶ್ 2013ರಲ್ಲಿ ಸೂಚಿಸಿದ ಮಿತಿ ಘನ ಮೀಟರಿಗೆ 1 ಮೈಕ್ರೋಗ್ರಾಂ. ಟೈಟಾನಿಯಂ ಡೈಆಕ್ಸೈಡಿನ ಮಿತಿಯ ಮುನ್ನೂರರಲ್ಲಿ ಒಂದು ಪಾಲು.

ಸ್ಪ್ರೇ ಹೊಡೆದು ನೂರಾರು ಜನಕ್ಕೆ ಉಸಿರುಕಟ್ಟಿದ ಕಥೆ ನಿಜಾನಾ?

ನೂರರ ಆಸುಪಾಸು. 2006ರ ಮಾರ್ಚ್, ಜರ್ಮನಿ. ಮ್ಯಾಜಿಕ್ ನ್ಯಾನೋ ಎನ್ನುವ ಬಾತ್‌ರೂಮ್ ಲೇಪದ ಸ್ಪ್ರೇ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಜನ ಕೆಮ್ಮು, ಉಬ್ಬಸ ಅಂತ ಆಸ್ಪತ್ರೆಗೆ ಹೋದರು. ಡಬ್ಬಿಗಳನ್ನು ವಾಪಸ್ ಪಡೆದರು. ಪತ್ರಿಕೆಗಳಲ್ಲಿ ನ್ಯಾನೋ ಅನಾಹುತ ಅಂತ ಬಂತು. ಆಮೇಲೆ ಪರೀಕ್ಷಿಸಿದರೆ ಅದರಲ್ಲಿ ನ್ಯಾನೋ ಕಣವೇ ಇರಲಿಲ್ಲ! ಹೆಸರಿಗೆ ಮಾತ್ರ ನ್ಯಾನೋ. ಅದೇ ಲೇಪ ಕೈಪಂಪಿನ ಡಬ್ಬಿಯಲ್ಲಿ ಬಂದಾಗ ತೊಂದರೆ ಆಗಿರಲಿಲ್ಲ. ಒತ್ತಡದ ಡಬ್ಬಿ ಎಬ್ಬಿಸುವ ತೀರ ಸಣ್ಣ ಹನಿ ಆಳಕ್ಕೆ ಇಳಿದಿತ್ತು.

ಇಂಥ ಲೇಪದ ಸ್ಪ್ರೇಗಳಿಗೆ ಡೆನ್ಮಾರ್ಕಿನ ಔದ್ಯೋಗಿಕ ಪರಿಸರ ಸಂಶೋಧನಾ ಕೇಂದ್ರದವರು ಕೋಶವೂ ಬೇಡದ ಪರೀಕ್ಷೆಯೊಂದನ್ನು ಬೆಳೆಸಿದ್ದಾರೆ. ಗಾಳಿಚೀಲಗಳ ಒಳಗೆ ಸೋಪಿನ ಪೊರೆಯಂಥ ಒಂದು ಪದರ ಇರುತ್ತದೆ. ಉಸಿರು ಬಿಟ್ಟಾಗ ಚೀಲ ಮುಚ್ಚಿಕೊಳ್ಳದ ಹಾಗೆ ಅದು ಕಾಯುತ್ತದೆ. ಒಂದು ಹನಿ ಆ ವಸ್ತುವನ್ನು ಉಸಿರಾಟದ ಲಯದಲ್ಲಿ ಹಿಗ್ಗಿಸಿ ಕುಗ್ಗಿಸುತ್ತ ಮೇಲೆ ಸ್ಪ್ರೇ ಬಿಡುತ್ತಾರೆ. ಹನಿಯ ಆಕಾರ ಕುಸಿದರೆ ಗಾಳಿಚೀಲವೂ ಕುಸಿಯಬಹುದು. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಯಾಕೆಂದರೆ ಯಾವ ಕೇಡನ್ನು ಹುಡುಕುತ್ತಿದ್ದೇವೆ ಎನ್ನುವುದು ಮೊದಲೇ ಸ್ಪಷ್ಟ.

ಇಷ್ಟೆಲ್ಲ ಇದ್ದ ಮೇಲೆ ಇಲಿ ಪ್ರಯೋಗ ಬಿಟ್ಟುಬಿಡಬಹುದಲ್ಲ?

ಪೂರ್ತಿ ಇನ್ನೂ ಇಲ್ಲ. ಹಲವು ದೇಶಗಳ ಒಕ್ಕೂಟವಾದ ಒಇಸಿಡಿಯ ಪರೀಕ್ಷಾ ನಿಯಮಾವಳಿಯಲ್ಲಿ ಇಲಿಗಳಿಗೆ 28 ದಿನ, 90 ದಿನ ಗಾಳಿಯಲ್ಲಿ ಪುಡಿ ಕೊಡುವ 412, 413ನೇ ಮಾರ್ಗಸೂಚಿಗಳಿವೆ. ನ್ಯಾನೋವಸ್ತುಗಳಿಗೆ ಹೊಂದುವಂತೆ 2018ರಲ್ಲಿ ಅವನ್ನು ತಿದ್ದಿದರು. ತಿಂಗಳುಗಟ್ಟಲೆ ನಿಧಾನವಾಗಿ ಗಾಯದ ಕಲೆ ಕಟ್ಟುವುದು, ಕಣ ಬೇರೆ ಅಂಗಕ್ಕೆ ಹೋಗುವುದು ಡಿಶ್‌ನಲ್ಲಿ ಕಾಣುವುದು ಕಷ್ಟ.

ಹಾಗಂತ ಇಲಿ ದೇವರಲ್ಲ. 1980ರ ದಶಕದಲ್ಲಿ ಘನ ಮೀಟರಿಗೆ 250 ಮಿಲಿಗ್ರಾಂ ಟೈಟಾನಿಯಂ ಡೈಆಕ್ಸೈಡ್ ಎರಡು ವರ್ಷ ಕೊಟ್ಟಾಗ ಇಲಿಗಳಿಗೆ ಗಡ್ಡೆ ಬಂತು. ಮ್ಯಾಕ್ರೋಫೇಜ್‌ಗಳು ತಿಂದು ತಿಂದು ಕಂಗೆಟ್ಟು ಕೆಲಸ ನಿಲ್ಲಿಸಿದ್ದವು. ಅದು ಮನುಷ್ಯರಿಗೆ ಎಷ್ಟು ಅನ್ವಯ ಎನ್ನುವ ಜಗಳ ಇಂದಿಗೂ ಇದೆ. ಅಲ್ಲೂ ಪ್ರಶ್ನೆ ಅದೇ ನೋಡಿ: ಎಷ್ಟು ಬಿತ್ತು?

ದಾರಿ ಮಾತ್ರ ತೆರೆಯುತ್ತಿದೆ. ಕ್ಲೋರೋಥಲೋನಿಲ್ ಎನ್ನುವ ಶಿಲೀಂಧ್ರನಾಶಕಕ್ಕೆ 90 ದಿನದ ಇಲಿ ಪ್ರಯೋಗದ ಬದಲು, ಮನುಷ್ಯರ ಶ್ವಾಸನಾಳದ ಅಂಗಾಂಶ ಮತ್ತು ಗಾಳಿಯ ಹರಿವಿನ ಕಂಪ್ಯೂಟರ್ ಲೆಕ್ಕ ಎರಡನ್ನೂ ಜೋಡಿಸಿ ಅಪಾಯ ಅಂದಾಜಿಸುವ ವಿಧಾನವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ತಜ್ಞರ ಸಮಿತಿಯ ಮುಂದಿಟ್ಟಿತು. ಅದು ನ್ಯಾನೋ ಅಲ್ಲ. ಆದರೂ ನಮ್ಮ ಕೆಲಸದವರೆಲ್ಲ ಅದನ್ನು ಕಣ್ಣಿಟ್ಟು ನೋಡಿದರು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇದೆಯಾ?

ಬಿಡಿಬಿಡಿಯಾಗಿ. ನ್ಯಾನೋ ಔಷಧಗಳಿಗೆ 2019ರಲ್ಲಿ, ಕೃಷಿ ಮತ್ತು ಆಹಾರದ ನ್ಯಾನೋ ಉತ್ಪನ್ನಗಳಿಗೆ 2020ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮಾರ್ಗಸೂಚಿ ತಂದಿದೆ. 2023ರಲ್ಲಿ ಹೊಸ ಔಷಧಗಳ ನಿಯಮ ತಿದ್ದಿ, ಪ್ರಾಣಿಗಳಿಲ್ಲದ ಪರೀಕ್ಷೆಗೂ ಜಾಗ ಕೊಟ್ಟಿದ್ದಾರೆ. ಆದರೆ ಪುಡಿ ತುಂಬುವ ಕೆಲಸಗಾರನ ಮೂಗಿನ ವಿಷಯ ಬಂದಾಗ ಕಥೆ ಬೇರೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಸಿಲಿಕಾ, ಆಸ್ಬೆಸ್ಟಾಸ್ ಇದ್ದವು, ನ್ಯಾನೋ ರೂಪಕ್ಕೆ ಪ್ರತ್ಯೇಕ ಸಾಲು ಇರಲಿಲ್ಲ. ಯೂರೋಪಿನಲ್ಲಿ 2020ರ ಜನವರಿ 1ರಿಂದ ರಾಸಾಯನಿಕ ನೋಂದಣಿಯಲ್ಲೇ ನ್ಯಾನೋ ರೂಪವನ್ನು ಬೇರೆಯಾಗಿ ತೋರಿಸಬೇಕು. ಇಲ್ಲಿಂದ ರಫ್ತು ಮಾಡುವವರಿಗೂ ಅದರ ಬಿಸಿ ತಟ್ಟುತ್ತದೆ.

ನ್ಯಾನೋ ಯೂರಿಯಾ ಸಿಂಪಡಿಸೋವಾಗ ಉಸಿರಿಗೆ ಅಪಾಯ ಇದೆಯಾ?

ಮಂಡ್ಯದ ಕಡೆಯ ರೈತರೊಬ್ಬರು ಕೇಳಿದ್ದು. ದ್ರವದ ಒಳಗಿನ ಕಣ ನ್ಯಾನೋ ಇರಬಹುದು, ಆದರೆ ಸ್ಪ್ರೇಯರ್‌ನಿಂದ ಬರುವುದು ಹನಿ. ಬೆನ್ನಿಗೆ ಹಾಕುವ ಮಾಮೂಲಿ ಪಂಪಿನ ಹನಿ ದಪ್ಪ, ಬೇಗ ನೆಲಕ್ಕೆ ಬೀಳುತ್ತದೆ, ಒಳಗೆ ಹೋದರೂ ಮೂಗಿನಲ್ಲೇ ನಿಲ್ಲುತ್ತದೆ. ಹನಿ ಸಣ್ಣ ಮಂಜಾದಷ್ಟೂ ಗಾಳಿಯಲ್ಲಿ ನಿಲ್ಲುತ್ತದೆ. ಹಾಗಾಗಿ ನಾಝಲ್ ಯಾವುದು, ಗಾಳಿ ಎತ್ತ ಕಡೆ ಬೀಸುತ್ತಿದೆ, ಇವೆರಡನ್ನು ನೋಡಿ. ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ, ಮಾಸ್ಕ್ ಹಾಕಿ. ಅದೇ ಹೊಲದಲ್ಲಿ ಹಿಂದಿನ ವಾರ ಮಾಸ್ಕಿಲ್ಲದೆ ಕೀಟನಾಶಕ ಹೊಡೆದಿದ್ದರೆ ನನ್ನ ಚಿಂತೆ ಅದರದ್ದೇ ಜಾಸ್ತಿ.

ನಾನು ಎಂ.ಎಸ್‌ಸಿ ಮಾಡ್ತಿದೀನಿ. ಪ್ರಾಜೆಕ್ಟ್‌ಗೆ ಇದನ್ನೇ ತಗೊಳ್ಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?

ಮೊದಲ ತಿಂಗಳು ಪುಡಿ ಮುಟ್ಟಬೇಡಿ. ಎ549 ಬೆಳೆಸಿ, ಎಣಿಸಿ, ಮತ್ತೆ ಬೆಳೆಸಿ. ಮೀಡಿಯಂ ಗುಲಾಬಿಯಿಂದ ಹಳದಿಗೆ ತಿರುಗುವ ಮೊದಲೇ ಬದಲಿಸುವ ಕಣ್ಣು ಬರಲಿ. ದುಬಾರಿ ಮೋಡದ ಪೆಟ್ಟಿಗೆ ನಿಮ್ಮ ಕಾಲೇಜಿನಲ್ಲಿ ಇರುವುದಿಲ್ಲ, ಬೇಜಾರು ಬೇಡ. ಮುಳುಗಿಸುವ ವಿಧಾನದಲ್ಲೇ ಒಳ್ಳೆಯ ಕೆಲಸ ಮಾಡಬಹುದು. ಅಂಕಿಯನ್ನು ಮಿಲಿಲೀಟರಿನ ಜೊತೆಗೆ ಚದರ ಸೆಂಟಿಮೀಟರಿನಲ್ಲೂ ಬರೆಯಿರಿ. ಕಡಿಮೆ ಪ್ರಮಾಣದಿಂದ, ಚದರ ಸೆಂಟಿಮೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕೆಳಗಿನಿಂದ ಶುರು ಮಾಡಿ. ಕಲಸಿದ ಪುಡಿಯ ಗಂಟಿನ ಗಾತ್ರವನ್ನು ಶುರುವಿನಲ್ಲೂ, 24 ಗಂಟೆ ಆದ ಮೇಲೂ ಅಳೆಯಿರಿ. ಹೋಲಿಕೆಗೆ ಕೇಡು ಮಾಡುವುದು ಖಾತ್ರಿ ಇರುವ ಒಂದು ಪುಡಿ ಇರಲಿ, ಜಿಂಕ್ ಆಕ್ಸೈಡ್ ಸಾಕು.

ಪುಡಿಯನ್ನು ತೂಗುವಾಗ ಫ್ಯಾನ್ ಆರಿಸಿ, ಗಾಳಿಯನ್ನು ಹೊರಗೆಳೆಯುವ ಹುಡ್ ಒಳಗೇ ತೂಗಿ. ಉಸಿರಿಗೆ ಕೆಟ್ಟದ್ದಾ ಅಂತ ನೋಡಲು ಹೊರಟವರು ಅದನ್ನೇ ಉಸಿರಾಡುವುದನ್ನು ನಾನು ನೋಡಿದ್ದೇನೆ. ಆಮೇಲೆ ಬಾಟಲಿಯ ಬ್ಯಾಚ್ ನಂಬರನ್ನು ಮೊದಲ ದಿನವೇ ನೋಟ್‌ಬುಕ್‌ನಲ್ಲಿ ಬರೆದಿಡಿ. ವೈವಾದ ಹಿಂದಿನ ರಾತ್ರಿ ಹುಡುಕಲು ಹೋದರೆ ಲೇಬಲ್ ಮೇಲೆ ಯಾರೋ ಎಥನಾಲ್ ಚೆಲ್ಲಿರುತ್ತಾರೆ.